ಚಿಂತಕರ ಚಾವಡಿಗೆ ದುಡ್ಡು ಕೊಟ್ಟ ಸರ್ಕಾರ ಯಾವುದು? ಹುಡುಕುವ ಬಗೆ

‘ವಾಷಿಂಗ್ಟನ್‌ನ ಪ್ರತಿಷ್ಠಿತ ಚಿಂತಕರ ಚಾವಡಿಯೊಂದರ ವರದಿ ಪ್ರಕಾರ...’ ಎಂದು ವಿದೇಶ ಪುಟದಲ್ಲಿ ಸುದ್ದಿ ಬಂದರೆ, ಆ ಚಾವಡಿಯ (ಥಿಂಕ್ ಟ್ಯಾಂಕ್, ಅಂದರೆ ನೀತಿ ಸಂಶೋಧನಾ ಸಂಸ್ಥೆಯ) ಬಾಡಿಗೆ ಕಟ್ಟುವವರು ಯಾರು ಅಂತ ಮೊದಲು ನೋಡಿ. ಮಾಹಿತಿ ಇದೆ, ಆದರೆ ನಾಲ್ಕು ಕಡೆ ಚದುರಿಹೋಗಿದೆ.

ಶುರು ಮಾಡಬೇಕಾದ್ದು ಸಂಸ್ಥೆಯದೇ ದಾನಿಗಳ ಪಟ್ಟಿಯಿಂದ. ಬ್ರೂಕಿಂಗ್ಸ್, ಅಟ್ಲಾಂಟಿಕ್ ಕೌನ್ಸಿಲ್‌ನಂಥ ಚಾವಡಿಗಳು ದಾನಿಗಳ ಹೆಸರು ಹಾಕುತ್ತವೆ, ಮೊತ್ತ ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ‘10 ಲಕ್ಷ ಡಾಲರ್ ಮತ್ತು ಮೇಲ್ಪಟ್ಟು’ ಎಂಬಂಥ ತುದಿಯ ಹಂತಕ್ಕೆ ಮೇಲ್ಮಿತಿಯೇ ಇರುವುದಿಲ್ಲ. 11 ಲಕ್ಷ ಕೊಟ್ಟವರೂ 50 ಲಕ್ಷ ಕೊಟ್ಟವರೂ ಒಂದೇ ಪಂಕ್ತಿ. ರಾಯಭಾರ ಕಚೇರಿಯ ಹೆಸರು ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಸರ್ಕಾರಿ ತೈಲ ಕಂಪನಿ ಕೊಟ್ಟದ್ದು ಕಾರ್ಪೊರೇಟ್ ಹೆಸರುಗಳ ನಡುವೆ ಅಡಗಿರುತ್ತದೆ, ಅದನ್ನೂ ಸರ್ಕಾರದ ಲೆಕ್ಕಕ್ಕೇ ಸೇರಿಸಿಕೊಳ್ಳಿ.

ಆಮೇಲೆ ಫಾರ್ಮ್ 990, ಅಂದರೆ ಲಾಭರಹಿತ ಸಂಸ್ಥೆಗಳು ಅಮೆರಿಕದ ತೆರಿಗೆ ಇಲಾಖೆಗೆ ವರ್ಷಕ್ಕೊಮ್ಮೆ ಕೊಡುವ ಲೆಕ್ಕ. ಪ್ರೋಪಬ್ಲಿಕಾ ಎಂಬ ಸುದ್ದಿ ಸಂಸ್ಥೆಯ ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. 8ನೇ ಭಾಗದ 1ಇ ಸಾಲು ‘ಸರ್ಕಾರಿ ಅನುದಾನ’. ಇಲ್ಲೇ ಬಹಳ ಮಂದಿ ಎಡವುವುದು: ಆ ಸಾಲಿನಲ್ಲಿ ಅಮೆರಿಕ ಸರ್ಕಾರದ ದುಡ್ಡೂ ವಿದೇಶಿ ಸರ್ಕಾರದ ದುಡ್ಡೂ ಬೆರೆತಿರುತ್ತವೆ. ಅದೇ ಹಣ ಸೇವೆಯ ಗುತ್ತಿಗೆಯಾಗಿ ಬಂದರೆ 2ನೇ ಸಾಲಿಗೆ ಜಾರುತ್ತದೆ. ದಾನಿಗಳ ಹೆಸರಿರುವ ಶೆಡ್ಯೂಲ್ ಬಿ ಸಾರ್ವಜನಿಕರಿಗೆ ಸಿಗುವ ಪ್ರತಿಯಲ್ಲಿ ಹೆಸರಿಲ್ಲದೆ ಬರುತ್ತದೆ.

ಮೂರನೆಯದು ಫಾರಾ, ಅಂದರೆ ಅಮೆರಿಕದ ವಿದೇಶಿ ಏಜೆಂಟರ ನೋಂದಣಿ ಕಾಯ್ದೆ. ನಾಜಿ ಪ್ರಚಾರ ತಡೆಯಲು 1938ರಲ್ಲಿ ಬಂದದ್ದು. ವಿದ್ವತ್ತು, ಶಿಕ್ಷಣ, ವಿಜ್ಞಾನದ ಕೆಲಸಕ್ಕೆ ಅದರಲ್ಲಿ ವಿನಾಯಿತಿ ಇದೆ. ರಾಜಕೀಯ ಚಟುವಟಿಕೆಗೆ ಇಳಿದರೆ ಇಲ್ಲ. ನೀತಿ ಸಂಶೋಧನೆ ಯಾವ ಕಡೆ ಸೇರಬೇಕು ಎಂಬುದೇ ಜಗಳ. ಹಾಗಾಗಿ ಅಲ್ಲಿ ಚಾವಡಿಗಳ ಹೆಸರನ್ನೇ ಹುಡುಕಿದರೆ ಕೈಗೆ ಹೆಚ್ಚೇನೂ ಹತ್ತುವುದಿಲ್ಲ. ಬದಲಿಗೆ ದಾನಿ ದೇಶ ನೇಮಿಸಿಕೊಂಡ ಲಾಬಿ ಕಂಪನಿಯ ಅರ್ಧವಾರ್ಷಿಕ ಹೇಳಿಕೆ ತೆಗೆದು ನೋಡಿ. ಯಾವ ಸಂಶೋಧಕರಿಗೆ ಯಾವತ್ತು ಫೋನ್, ಇಮೇಲ್ ಹೋಯಿತು ಎಂಬುದು ಎಷ್ಟೋ ಸಲ ಅಲ್ಲಿ ದಾಖಲಾಗಿರುತ್ತದೆ. ವರದಿ ಪ್ರಕಟವಾದ ದಿನಾಂಕವನ್ನು ಅದರ ಪಕ್ಕ ಇಟ್ಟು ನೋಡಿ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ದುಡ್ಡು ಕೊಟ್ಟ ದೇಶದ ಕಡತದಲ್ಲಿ. 2014ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಹೊರತಂದ ನಾರ್ವೆ ಒಪ್ಪಂದವನ್ನೇ ನೋಡಿ: ಸೆಂಟರ್ ಫಾರ್ ಗ್ಲೋಬಲ್ ಡೆವಲಪ್‌ಮೆಂಟ್ ಎಂಬ ಚಾವಡಿಗೆ 50 ಲಕ್ಷ ಡಾಲರ್, ಅಮೆರಿಕದ ಒಂದು ವಿದೇಶಿ ನೆರವು ಯೋಜನೆಯ ಖರ್ಚು ದುಪ್ಪಟ್ಟಾಗುವಂತೆ ಶ್ವೇತಭವನ, ಖಜಾನೆ, ಕಾಂಗ್ರೆಸ್ಸಿನಲ್ಲಿ ಒತ್ತಾಯಿಸಬೇಕು ಎಂಬುದು ಗುರಿ. ಇದು ಲಾಬಿಯಲ್ಲ ಎಂಬುದು ಸಂಸ್ಥೆಯ ವಾದ. ಅದೇ ವರದಿಯಲ್ಲಿ ಬ್ರೂಕಿಂಗ್ಸ್‌ಗೆ ಕತಾರ್ ನಾಲ್ಕು ವರ್ಷಕ್ಕೆ ಒಪ್ಪಿದ 1.48 ಕೋಟಿ ಡಾಲರ್ ಕೂಡ ಇತ್ತು. ಎರಡಕ್ಕೂ ವ್ಯತ್ಯಾಸವಿದೆ. ನಾರ್ವೆಯ ಕಾಗದದಲ್ಲಿ ಫಲಿತಾಂಶವೇ ಬರೆದಿತ್ತು. ದೊಡ್ಡ ಗಂಟಾಗಿ ಬರುವ ದುಡ್ಡಿಗೆ ಅಂಥ ಸಾಲಿನ ಅಗತ್ಯವೇ ಬೀಳುವುದಿಲ್ಲ. ವರದಿಯ ವಾಕ್ಯಗಳನ್ನು ಯಾರೂ ತಿದ್ದಬೇಕಿಲ್ಲ, ದಾನಿಗೆ ಮುಜುಗರ ತರುವ ವಿಷಯ ಸಂಶೋಧನೆಯ ಪಟ್ಟಿಗೇ ಬಾರದಿದ್ದರೆ ಸಾಕು. ಅದಕ್ಕೇ ಒಂದು ಸಂಸ್ಥೆಯ ಐದು ವರ್ಷದ ಶೀರ್ಷಿಕೆಗಳನ್ನು ಸಾಲಾಗಿ ಓದಿ, ದಾನಿ ದೇಶದ ಬಗ್ಗೆ ಏನು ಬರೆದಿಲ್ಲ ಅಂತ ಗುರುತು ಹಾಕಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಇಷ್ಟೆಲ್ಲ ಪುರುಸೊತ್ತಿಲ್ಲದವರಿಗೆ ಕ್ವಿನ್ಸಿ ಇನ್‌ಸ್ಟಿಟ್ಯೂಟ್ 2025ರ ಜನವರಿಯಲ್ಲಿ ತೆರೆದ ದತ್ತಾಂಶವಿದೆ (ಅದೂ ಒಂದು ಚಾವಡಿಯೇ ಅನ್ನಿ). 2019ರಿಂದ 2023ರವರೆಗೆ 50 ದೊಡ್ಡ ಸಂಸ್ಥೆಗಳಿಗೆ ವಿದೇಶಿ ಸರ್ಕಾರಗಳಿಂದ 11 ಕೋಟಿ ಡಾಲರಿಗೂ ಹೆಚ್ಚು ಬಂದಿದೆ ಎಂಬುದು ಅದರ ಲೆಕ್ಕ. ಆ 50ರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಂಸ್ಥೆಗಳು ದಾನಿಗಳ ಗುಟ್ಟನ್ನೇ ಬಿಡುವುದಿಲ್ಲವಾದ್ದರಿಂದ ಈ ಅಂಕಿಯನ್ನು ಕನಿಷ್ಠ ಅಂತಲೇ ಓದಿಕೊಳ್ಳಬೇಕು.

ನಮ್ಮಲ್ಲಿ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಇದಕ್ಕಿಂತ ಬಿಗಿ: ವಿದೇಶಿ ಹಣ ಮೊದಲು ದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಗೇ ಬರಬೇಕು, ಆಡಳಿತ ವೆಚ್ಚ ಶೇ 20 ದಾಟುವಂತಿಲ್ಲ. ಆದರೆ ಮೂರು ತಿಂಗಳಿಗೊಮ್ಮೆ ದಾನಿಗಳ ವಿವರವನ್ನು ವೆಬ್‌ಸೈಟ್‌ಗೆ ಹಾಕಬೇಕೆಂಬ ನಿಯಮವನ್ನು 2022ರ ಜುಲೈಯಲ್ಲಿ ಕೈಬಿಟ್ಟರು. ಹೀಗಾಗಿ ಗೃಹ ಸಚಿವಾಲಯಕ್ಕೆ ಕಾಣುವಷ್ಟು ಓದುಗರಿಗೆ ಕಾಣುವುದಿಲ್ಲ.