ಬೇರೆಯವರ ಕಾಲಿಗೆ ಒಗ್ಗಿದ ಕ್ಲಚ್ಚು

ಶಿವಮೊಗ್ಗ, 22 ಜೂನ್ 2025, ಭಾನುವಾರ

ಅಂತೂ ಆರ್‌ಸಿ ಕಾರ್ಡ್ ಕೈಗೆ ಬಂತು. ನಿನ್ನೆ ಮಧ್ಯಾಹ್ನ ಪೋಸ್ಟ್‌ಮ್ಯಾನ್ ಸಹಿ ಹಾಕಿಸಿಕೊಂಡು ಕೊಟ್ಟು ಹೋದರು. ಸೆಕೆಂಡ್ ಹ್ಯಾಂಡ್ ತಗೊಂಡ 2015ರ ವ್ಯಾಗನ್‌ಆರ್ ಈಗ ಕಾಗದದ ಮೇಲೂ ನಂದೇ. ಗಾಡಿ ಮನೆ ಮುಂದೆ ಬಂದು ನಿಂತದ್ದು ಏಪ್ರಿಲ್‌ನಲ್ಲಿ, ಯುಗಾದಿ ಕಳೆದ ಮೇಲೆ. ಇಷ್ಟು ದಿನ ಯಾಕೆ ಬರೆಯಲಿಲ್ಲ ಅಂದರೆ, ಹೆಸರು ಬದಲಾಗದೆ ಜಂಬ ಕೊಚ್ಚಿಕೊಳ್ಳೋದು ಬೇಡ ಅಂತ ಅಮ್ಮನ ಕಟ್ಟಪ್ಪಣೆ.

ಕೈಯಲ್ಲೇ ಗೇರ್ ಹಾಕುವ ಮ್ಯಾನುಯಲ್ ಯಾಕೆ ಅಂತ ಕೇಳದವರೇ ಇಲ್ಲ. ಬೆಂಗಳೂರಿನಲ್ಲಿದ್ದಾಗ ನಾನು ಓಡಿಸುತ್ತಿದ್ದದ್ದು ಅಕ್ಕನ ಸೆಲೆರಿಯೊ, ಎಎಂಟಿ, ಅಂದರೆ ಗೇರ್ ತಾನೇ ಹಾಕಿಕೊಳ್ಳುವಂಥದ್ದು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಎಡಗಾಲಿಗೆ ಪೂರ್ತಿ ರಜೆ. ಊರಿಗೆ ವಾಪಸ್ ಬಂದು ಸ್ವಂತದ್ದೊಂದು ಬೇಕು ಅನ್ನಿಸಿದಾಗ ಎಲ್ಲರೂ ಆಟೋಮ್ಯಾಟಿಕ್ಕೇ ತಗೋ ಅಂದರು. ಸರಿ, ಆದರೆ ನನ್ನ ಹತ್ತಿರ ಇದ್ದದ್ದು ಮೂರು ಲಕ್ಷದೊಳಗಿನ ದುಡ್ಡು. ಅಷ್ಟಕ್ಕೆ ನಮ್ಮೂರಲ್ಲಿ ಕಣ್ಣಿಗೆ ಬಿದ್ದ ಎಎಂಟಿಗಳೆಲ್ಲ ಚೆನ್ನಾಗಿ ದುಡಿದು ಸುಸ್ತಾದವು. ಎಎಂಟಿ ಅಂದರೆ ದೊಡ್ಡ ಮಾಯೆಯೇನಲ್ಲ. ಅದೇ ಗೇರ್‌ಬಾಕ್ಸು, ಅದೇ ಕ್ಲಚ್ ಪ್ಲೇಟು, ನಮ್ಮ ಕಾಲಿನ ಬದಲು ಕ್ಲಚ್ ಒತ್ತುವುದಕ್ಕೆ ಒಂದು ಯಂತ್ರ ಕೂತಿರುತ್ತದೆ ಅಷ್ಟೇ. ಆ ಯಂತ್ರ ಮಳೆಗಾಲದ ಸಂಜೆ ತೀರ್ಥಹಳ್ಳಿ ರಸ್ತೆಯಲ್ಲಿ ಕೈಕೊಟ್ಟರೆ ಯಾರನ್ನ ಕರೆಯಲಿ? ಕ್ಲಚ್ ಕೇಬಲ್ ಆದರೆ ದಾರಿಯಲ್ಲಿ ಸಿಗುವ ಯಾವ ಗ್ಯಾರೇಜಿನವರಾದರೂ ಬೈದುಕೊಂಡೇ ಹಾಕಿಕೊಡುತ್ತಾರೆ. ಬ್ಯಾಟರಿ ಇಳಿದಿದ್ದರೂ, ಅದರಲ್ಲಿ ಒಂಚೂರು ಜೀವ ಉಳಿದಿದ್ದರೆ ಎರಡನೇ ಗೇರ್ ಹಾಕಿ ತಳ್ಳಿಸಿಕೊಂಡು ಸ್ಟಾರ್ಟ್ ಮಾಡಬಹುದು. ನನಗೆ ಇದೇ ದೊಡ್ಡ ಧೈರ್ಯ.

ಹುಡುಕಾಟದ ಕಥೆ ಬರೆದರೆ ಅದೇ ಒಂದು ಪುಸ್ತಕ ಆದೀತು. ನೋಡಿದ ಅರ್ಧ ಗಾಡಿಗಳನ್ನು ಡಾಕ್ಟರ್ ಓಡಿಸಿದ್ದರಂತೆ, ಉಳಿದರ್ಧವನ್ನು ಲೇಡೀಸ್ ಓಡಿಸಿದ್ದರಂತೆ. ಶಿವಮೊಗ್ಗದಲ್ಲಿ ಇಷ್ಟೊಂದು ಡಾಕ್ಟರುಗಳು ಇದ್ದಾರಾ? ಒಂದು ಕಡೆ ಬೆಳಗ್ಗೆ ಹೇಳಿದ ಹೊತ್ತಿಗೇ ಹೋದರೆ ಬಾನೆಟ್ ಆಗಲೇ ಬಿಸಿ. ತಣ್ಣಗಿರುವ ಇಂಜಿನ್ ಹೇಗೆ ಎದ್ದೇಳುತ್ತದೆ ಅಂತ ನೋಡುವುದಕ್ಕೆ ಹೋದವರಿಗೆ ಅಲ್ಲೇ ಉತ್ತರ ಸಿಕ್ಕಿತು, ಚಹಾ ಕುಡಿದು ವಾಪಸ್.

ಕೊನೆಗೆ ಸಿಕ್ಕಿದ್ದು ಇದು. ನಮ್ಮದೇ ಕೆಎ 14, ಒಬ್ಬರೇ ಓನರ್, ಡೀಲರ್ ಇಲ್ಲ, ನೇರ ಮನೆಗೇ ಹೋಗಿ ನೋಡಿದ್ದು. ಅಪ್ಪನ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿದ್ದೆ. ಅವರು ಗಾಡಿ ನೋಡುವ ರೀತಿ ನೋಡಿಯೇ ನನಗೆ ಅರ್ಧ ದುಡ್ಡು ವಸೂಲಾಯಿತು. ಮೊದಲು ಇಂಜಿನ್ ಮುಟ್ಟಲೇ ಇಲ್ಲ. ಬಾಗಿಲು ತೆಗೆದು ಸುತ್ತಲಿನ ರಬ್ಬರ್ ಬೀಡಿಂಗ್ ಎಳೆದರು. ಒಳಗೆ ಕಂಪನಿಯ ವೆಲ್ಡಿಂಗ್ ಚುಕ್ಕಿಗಳು ಸಾಲಾಗಿ, ಗುಂಡಗೆ ಇರಬೇಕಂತೆ. ಡಿಕ್ಕಿಯಾಗಿ ರಿಪೇರಿಯಾದ ಗಾಡಿಯಲ್ಲಿ ಅವು ಕಾಣುವುದಿಲ್ಲ, ಇಲ್ಲ ಅಂಕುಡೊಂಕು ಇರುತ್ತವೆ. ಆಮೇಲೆ ಪ್ರತಿ ಗಾಜಿನ ಮೂಲೆಗೆ ಬಗ್ಗಿ ಸಣ್ಣ ಅಕ್ಷರ ಓದಿದರು. ಗಾಜಿನಲ್ಲೂ ತಯಾರಾದ ವರ್ಷದ ಗುರುತು ಇರುತ್ತದೆ. ಎಲ್ಲ 2015, ಎಡಗಡೆ ಹಿಂದಿನ ಬಾಗಿಲಿನದು ಮಾತ್ರ 2018. "ಇದೇನು?" ಅಂದರೆ ಮನೆಯವರು ಥಟ್ಟನೆ, ಪಕ್ಕದ ಮೈದಾನದ ಕ್ರಿಕೆಟ್ ಬಾಲ್ ಅಂದರು. ಬೀಡಿಂಗ್ ಒಳಗೆ ಎಲ್ಲ ಸರಿ ಇದ್ದದ್ದರಿಂದ ನಂಬಿದೆವು. ಕಾರ್ಪೆಟ್ ಎತ್ತಿ ಮೂಸಿದ್ದೂ ಆಯಿತು, ನೀರಲ್ಲಿ ನಿಂತ ಗಾಡಿಯಾದರೆ ಮುಗ್ಗಲು ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲವಂತೆ.

ಕೊನೆಯ ಪರೀಕ್ಷೆ ಕ್ಲಚ್ಚಿಗೆ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಕ್ಲಚ್ ಬಿಡುತ್ತಾ ಬಂದರು. ಪ್ಲೇಟ್ ಗಟ್ಟಿ ಇದ್ದರೆ ಇಂಜಿನ್ ಆ ಕ್ಷಣವೇ ಆಫ್ ಆಗಬೇಕು. ಇದು ಆಫ್ ಆಯಿತು, ಆದರೆ ಸ್ವಲ್ಪ ಯೋಚನೆ ಮಾಡಿ ಆಯಿತು. ಮೆಕ್ಯಾನಿಕ್ ನನ್ನ ಮುಖ ನೋಡಿದರು, ಓನರ್ ಆಕಾಶ ನೋಡಿದರು. ಆ ಒಂದು ಕ್ಷಣಕ್ಕೆ ರೇಟಿನಲ್ಲಿ ಹತ್ತು ಸಾವಿರ ಇಳಿಯಿತು. 2,75,000ಕ್ಕೆ ಮುಗಿಯಿತು.

ಕಾಗದದ ಕೆಲಸ ಮಾತ್ರ ಎಳೆದಾಡಿತು. ಹೆಸರು ಬದಲಾಯಿಸುವ ಫಾರಂ 29, ಫಾರಂ 30 ಎರಡೂ ಸುಲಭ. ತೊಡಕಾದದ್ದು ಹೈಪೊಥಿಕೇಶನ್, ಅಂದರೆ ಗಾಡಿ ಸಾಲಕ್ಕೆ ಅಡವಿದೆ ಅನ್ನುವ ನಮೂದು. ಅವರು ಸಾಲ ತೀರಿಸಿ ಎಷ್ಟೋ ವರ್ಷ ಆಗಿದೆ, ಆರ್‌ಸಿಯಲ್ಲಿ ಮಾತ್ರ ಬ್ಯಾಂಕಿನ ಹೆಸರು ಹಾಗೇ ಕೂತಿದೆ. ಬ್ಯಾಂಕಿನ ಎನ್‌ಒಸಿ ತಂದು, ಫಾರಂ 35 ಕೊಟ್ಟು ಅದನ್ನು ತೆಗೆಸಬೇಕು. ಅದಾಗದೆ ವರ್ಗಾವಣೆ ಮುಂದೆ ಹೋಗಲ್ಲ. ಹಳೇ ಗಾಡಿ ನೋಡುವವರು ದುಡ್ಡಿನ ಮಾತಿಗೆ ಮುಂಚೆ ಆರ್‌ಸಿಯಲ್ಲಿ ಈ ಒಂದು ಸಾಲು ನೋಡಿಬಿಡಿ. ಇನ್ಶೂರೆನ್ಸ್ ಕೂಡ 14 ದಿನದೊಳಗೆ ನಮ್ಮ ಹೆಸರಿಗೆ ಹಾಕಿಸಿಕೊಳ್ಳಬೇಕು. ಅಲ್ಲಿ ಇನ್ನೊಂದು ತಮಾಷೆ, ಕ್ಲೈಮ್ ಮಾಡದವರಿಗೆ ಸಿಗುವ ರಿಯಾಯಿತಿ, ನೋ ಕ್ಲೈಮ್ ಬೋನಸ್, ಗಾಡಿಯ ಜೊತೆ ಬರುವುದಿಲ್ಲ. ಅದು ಓಡಿಸಿದವರ ಪುಣ್ಯ, ಅವರ ಹೊಸ ಗಾಡಿಗೆ ಹೋಗುತ್ತದೆ. ಅವರಿಗೆ ಸಿಕ್ಕಿದ್ದ ರಿಯಾಯಿತಿಯ ವ್ಯತ್ಯಾಸ ನಾನು ಕಟ್ಟಿದೆ. ಲೈಫ್‌ಟೈಮ್ ಟ್ಯಾಕ್ಸ್ ಅವರೇ ಕಟ್ಟಿದ್ದರು. ರಿಜಿಸ್ಟ್ರೇಶನ್ 2030ರವರೆಗೆ ಇದೆ. ಆಮೇಲೆ ಫಿಟ್ನೆಸ್ ಮಾಡಿಸಿ ಐದೈದು ವರ್ಷಕ್ಕೆ ಮುಂದುವರಿಸಬೇಕು. ಅದನ್ನು ಆಗ ನೋಡಿಕೊಳ್ಳೋಣ.

ಈಗ ಅಸಲಿ ವಿಷಯ. ಹೊಸ ಕಾರು ತಗೊಂಡವರಿಗೆ ಇದು ಗೊತ್ತಾಗಲ್ಲ. ಹಳೇ ಗಾಡಿಯಲ್ಲಿ ನಮಗಿಂತ ಮುಂಚೆ ಒಬ್ಬರು ಹತ್ತು ವರ್ಷ ಕೂತಿರುತ್ತಾರೆ, ಅವರು ಎದ್ದು ಹೋಗುವುದಕ್ಕೆ ಸುಮಾರು ಸಮಯ ಬೇಕು.

ಮೊದಲ ವಾರ ಕೆಳಗೆ ಬಗ್ಗಿ ಪೆಡಲ್‌ಗಳನ್ನು ನೋಡಿದೆ. ಬ್ರೇಕಿನ ರಬ್ಬರಿನಲ್ಲಿ ಗೆರೆಗಳು ಇನ್ನೂ ನಿಚ್ಚಳ. ಕ್ಲಚ್ಚಿನ ರಬ್ಬರ್ ಮೇಲಿನ ಅರ್ಧ ಮಾತ್ರ ಕನ್ನಡಿ ಹಾಗೆ ನುಣ್ಣಗೆ, ಕೆಳಗಿನರ್ಧದಲ್ಲಿ ಗೆರೆ ಇದೆ. ಅಂದರೆ ಅವರು ಓಡಿಸುವಾಗಲೆಲ್ಲ ಎಡಗಾಲಿನ ಬೆರಳ ಕಡೆಯನ್ನು ಕ್ಲಚ್ ಮೇಲೇ ಇಟ್ಟುಕೊಂಡಿರುತ್ತಿದ್ದರು. ಗೇರ್ ನಾಬ್ ಮೇಲೆ ಒಂದು, ಎರಡು, ಮೂರು ಅಳಿಸಿಹೋಗಿವೆ, ಐದು ಮಾತ್ರ ಹೊಸದರ ಹಾಗಿದೆ. ಊರೊಳಗೇ ಓಡಿದ ಗಾಡಿ. ಡ್ರೈವರ್ ಬಾಗಿಲಿನ ಆರ್ಮ್‌ರೆಸ್ಟ್ ಹತ್ತಿರ ಒಂದು ಕಡೆ ಮಾತ್ರ ಬಣ್ಣ ಮಾಸಿದೆ. ಬಲಗೈ ಅಲ್ಲಿ ಇಟ್ಟು ಎಡಗೈ ಒಂದರಲ್ಲೇ ಸ್ಟೀರಿಂಗ್ ಹಿಡಿಯುತ್ತಿದ್ದರೇನೋ. ಓಡೋಮೀಟರ್ 64 ಸಾವಿರ ಚಿಲ್ಲರೆ ಕಿಲೋಮೀಟರ್ ತೋರಿಸುತ್ತಿತ್ತು. ಅದಕ್ಕಿಂತ ಈ ರಬ್ಬರ್ ತುಂಡು ಜಾಸ್ತಿ ವಿಷಯ ಹೇಳಿತು.

ಅವರ ಕಾಲಿಗೆ ಒಗ್ಗಿದ್ದ ಕ್ಲಚ್ ನನ್ನ ಮಾತು ಎಲ್ಲಿ ಕೇಳಬೇಕು? ಡ್ರೈವಿಂಗ್ ಸ್ಕೂಲಿನ ಗಾಡಿಯಲ್ಲಿ ಪೆಡಲನ್ನು ಕೆಳಗಿನಿಂದ ಒಂದಿಷ್ಟು ಎತ್ತಿದರೆ ಸಾಕು, ಕಚ್ಚಿಕೊಳ್ಳುತ್ತಿತ್ತು. ಇದರಲ್ಲಿ ಎತ್ತುತ್ತಾ ಹೋಗಬೇಕು, ಎತ್ತುತ್ತಾ ಹೋಗಬೇಕು, ಇನ್ನೇನು ಪೆಡಲ್ ಮುಗಿಯಿತು ಅನ್ನುವಾಗ ಗಬಕ್ಕನೆ ಕಚ್ಚುತ್ತದೆ, ಅಷ್ಟರಲ್ಲಿ ಹಿಮ್ಮಡಿ ನೆಲ ಬಿಟ್ಟು ಕಾಲು ಗಾಳಿಯಲ್ಲಿ ತೇಲುತ್ತಿರುತ್ತದೆ. ಸೀಟನ್ನು ಒಂದು ಹಲ್ಲು ಮುಂದೆ ತಂದೆ, ಮೊಣಕಾಲು ಸ್ಟೀರಿಂಗ್ ಕೆಳಗೆ ತಾಗಿತು. ಹಿಂದೆ ತಂದರೆ ಕ್ಲಚ್ ಪೂರ್ತಿ ಒತ್ತಲು ಆಗಲ್ಲ. ಗೋಪಿ ಸರ್ಕಲ್ ಸಿಗ್ನಲ್‌ನಲ್ಲಿ ಆಫ್ ಆದಾಗ ಹಿಂದಿನ ಆಟೋದವರು ಹಾರ್ನ್ ಮಾಡಲಿಲ್ಲ, ಇಳಿದು ಬಂದು "ಮೇಡಂ, ನಿಧಾನಕ್ಕೆ ಬಿಡಿ, ರೇಸ್ ಸ್ವಲ್ಪ ಜಾಸ್ತಿ ಕೊಡಿ" ಅಂದರು. ಶಿವಮೊಗ್ಗ ಶಿವಮೊಗ್ಗನೇ.

ಮೆಕ್ಯಾನಿಕ್ ಹತ್ತಿರ ಹೋಗಿ ದೂರು ಹೇಳಿದರೆ, ಬಾನೆಟ್ ತೆಗೆದು ಕೇಬಲ್ ತುದಿಯ ನಟ್ ನಾಲ್ಕು ಸುತ್ತು ತಿರುಗಿಸಿ "ಈಗ ನೋಡಿ" ಅಂದರು. ಕಚ್ಚುವ ಜಾಗ ಎರಡು ಬೆರಳಿನಷ್ಟು ಕೆಳಗೆ ಬಂದಿತ್ತು! ದುಡ್ಡು ಬೇಡ ಅಂದರು. ಪ್ಲೇಟ್ ಸವೆದದ್ದು ಸವೆದದ್ದೇ, ಇವತ್ತಲ್ಲ ನಾಳೆ ಬದಲಾಯಿಸಬೇಕು, ಆದರೆ ಕಾಲನ್ನು ಅದರ ಮೇಲೆ ಇಡದಿದ್ದರೆ ಇನ್ನೂ ಸುಮಾರು ದಿನ ಬರುತ್ತದೆ ಅಂತ ಹೇಳಿ ಕಳಿಸಿದರು.

ಭಾನುವಾರ ಬೆಳಗ್ಗೆ ವಿನೋಬನಗರದ ನೂರಡಿ ರಸ್ತೆ ಖಾಲಿ ಇರುತ್ತದೆ. ಅಲ್ಲಿ ಆಕ್ಸಿಲರೇಟರ್ ಮುಟ್ಟದೆ, ಬರೀ ಕ್ಲಚ್ಚಿನಲ್ಲೇ ಗಾಡಿ ಹೊರಡಿಸುವ ಅಭ್ಯಾಸ ಮಾಡಿದೆ. ಸಮತಟ್ಟು ರಸ್ತೆಯಲ್ಲಿ ಈ 998 ಸಿಸಿ ಇಂಜಿನ್ ಹಾಗೆ ಎಳೆದುಕೊಂಡು ಹೋಗುತ್ತದೆ. ಇದಕ್ಕೆ ಮೂರೇ ಸಿಲಿಂಡರ್, ಸುಮ್ನೆ ನಿಂತಾಗಲೂ ಸಣ್ಣಗೆ ನಡುಗುತ್ತಿರುತ್ತದೆ. ಕ್ಲಚ್ ಕಚ್ಚುವ ಹೊತ್ತಿಗೆ ಆ ನಡುಕ ಬದಲಾಗಿ ಸೀಟಿನ ತಳಕ್ಕೆ ಬರುತ್ತದೆ, ಇಂಜಿನ್ ಸದ್ದು ಒಂದು ಮೆಟ್ಟಿಲು ಇಳಿಯುತ್ತದೆ. ಅದು ಕಿವಿಗೆ ಸಿಕ್ಕಿದ ಮೇಲೆ ಕಾಲಿನ ಕಡೆ ಗಮನ ಕೊಡುವುದೇ ನಿಂತುಹೋಯಿತು. ಮ್ಯೂಸಿಕ್ ಹಾಕಿಕೊಂಡು ಕಲಿಯಬೇಡಿ ಅನ್ನೋದು ಇದಕ್ಕೇ.

ದುರ್ಗಿಗುಡಿ ಪಾರ್ಕಿಂಗ್ ಬಗ್ಗೆ ಏನೂ ಬರೆಯುವುದಿಲ್ಲ. ನಡೆದುಕೊಂಡು ಹೋಗಿ.

ನಿಜವಾದ ಪರೀಕ್ಷೆ ಇದ್ದದ್ದು ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದ ಮನೆಯ ಏರು. ಟಾರ್ ರಸ್ತೆ ಬಿಟ್ಟ ಮೇಲೆ ತೋಟದ ಅಂಚಿಗೆ ಹೋಗುವ ಮಣ್ಣು ದಾರಿ, ಒಂದು ಕಡೆ ದರೆ, ಒಂದು ಕಡೆ ನೀರು ಹರಿಯುವ ಕಾದಿಗೆ, ನಡುವೆ ಸೊಂಟ ಮುರಿದ ತಿರುವು. ಸಕ್ರೆಬೈಲು, ಮಂಡಗದ್ದೆ ದಾಟಿ ತುಂಗೆಯ ಪಕ್ಕದಲ್ಲೇ ಆರಾಮಾಗಿ ಬಂದ ಗಾಡಿಗೆ ಆ ತಿರುವಿನಲ್ಲಿ ಜೀವ ಬಾಯಿಗೆ ಬರುತ್ತದೆ. ಕಳೆದ ಶನಿವಾರ ಹೋದಾಗ ಜಿಟಿಜಿಟಿ ಮಳೆ. ಸರಿಯಾಗಿ ತಿರುವಿಗೆ ಬರುವಷ್ಟರಲ್ಲಿ ಎದುರಿಗೆ ಪಿಕಪ್. ತೋಟಕ್ಕೆ ಔಷಧಿ ಹೊಡೆಯುವವರದ್ದು, ಹಿಂದೆ ಬೋರ್ಡೊ ದ್ರಾವಣದ ನೀಲಿ ಡ್ರಮ್ಮುಗಳು. ಇಕ್ಕಟ್ಟಿನ ಏರಿನಲ್ಲಿ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕು, 2017ರ ಡ್ರೈವಿಂಗ್ ನಿಯಮಗಳಲ್ಲೇ ಇದೆ. ಪಿಕಪ್ಪಿನವನಿಗೆ ಅದೆಲ್ಲ ಓದಿ ಗೊತ್ತಿರಲಿಕ್ಕಿಲ್ಲ, ಆದರೆ ಮಲೆನಾಡಿನವನು, ತಾನೇ ಹಿಂದಕ್ಕೆ ಹೋದ. ಅಷ್ಟರಲ್ಲಿ ನಾನು ಏರಿನ ನಟ್ಟನಡುವೆ ನಿಂತಾಗಿತ್ತು.

ಹ್ಯಾಂಡ್‌ಬ್ರೇಕ್ ಎಳೆದೆ. ಮೊದಲನೇ ಗೇರ್. ಸ್ವಲ್ಪ ರೇಸ್ ಕೊಟ್ಟು ಕ್ಲಚ್ ಎತ್ತುತ್ತಾ ಬಂದೆ. ಸದ್ದು ಇಳಿಯಿತು, ಬಾನೆಟ್ ಒಂಚೂರು ಮೇಲೆದ್ದು ನಿಂತಿತು. ಕಾಲನ್ನು ಅಲ್ಲೇ ಹಿಡಿದು ಹ್ಯಾಂಡ್‌ಬ್ರೇಕ್ ಗುಂಡಿ ಒತ್ತಿ ಇಳಿಸಿದೆ. ಗಾಡಿ ಹಿಂದೆ ಹೋಗಲಿಲ್ಲ. ಮುಂದಿನ ಚಕ್ರ ಕೆಸರಿನಲ್ಲಿ ಒಂದು ಸುತ್ತು ಸುಮ್ಮನೆ ತಿರುಗಿ, ಆಮೇಲೆ ಜಲ್ಲಿ ಸಿಕ್ಕಿ ಹಿಡಿದುಕೊಂಡು ಹತ್ತಿತು. ಅಂಗಳದಲ್ಲಿ ನಿಲ್ಲಿಸಿ ಇಳಿದಾಗ ಸುಟ್ಟ ವಾಸನೆ ಬರಲಿಲ್ಲ. ಅಪ್ಪ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಶಭಾಷ್ ಅನ್ನಲಿಲ್ಲ, "ಇಳಿಯುವಾಗಲೂ ಒಂದನೇ ಗೇರಲ್ಲೇ ಇಳಿ, ನ್ಯೂಟ್ರಲ್ ಮಾಡಬೇಡ" ಅಂದರು. ಜೀಪ್ ಓಡಿಸಿದ ಕಾಲದವರು, ಹತ್ತಿದ ಗೇರಲ್ಲೇ ಇಳಿಯಬೇಕು ಅನ್ನುವವರು. ಮರುದಿನ ಹಾಗೇ ಇಳಿದೆ, ಇಂಜಿನ್ನೇ ಗಾಡಿಯನ್ನು ಹಿಡಿದು ಇಳಿಸಿತು, ಬ್ರೇಕಿಗೆ ಕೆಲಸವೇ ಇರಲಿಲ್ಲ.

ಇದರ ಅಡ್ಡಪರಿಣಾಮವೂ ಆಗಿದೆ. ಮೊನ್ನೆ ಅಕ್ಕ ಬಂದಾಗ ಸೆಲೆರಿಯೊ ಸ್ವಲ್ಪ ಪಕ್ಕಕ್ಕೆ ಹಾಕು ಅಂದಳು. ನಿಲ್ಲಿಸುವಾಗ ಎಡಗಾಲು ಅಭ್ಯಾಸಬಲದಿಂದ ಇಲ್ಲದ ಕ್ಲಚ್ಚನ್ನು ಹುಡುಕಿಕೊಂಡು ಹೋಗಿ ಅಗಲವಾದ ಬ್ರೇಕ್ ಪೆಡಲನ್ನೇ ಪೂರ್ತಿ ತುಳಿಯಿತು. ಅಕ್ಕನ ಮಗಳ ಕೈಲಿದ್ದ ಚಕ್ಕುಲಿ ಡ್ಯಾಶ್‌ಬೋರ್ಡ್ ಮೇಲೆ. ಇನ್ನು ಮೇಲೆ ಅವರ ಗಾಡಿ ಅವರೇ ಓಡಿಸಿಕೊಳ್ಳಲಿ.

ಈಗ ಉಳಿದಿರುವುದು ಟೈರ್. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಮುಂದಿನವು 2021ರವು, ಹಿಂದಿನವು 2018. ಹಿಂದಿನವುಗಳ ಗೆರೆ ಚೆನ್ನಾಗೇ ಕಾಣುತ್ತದೆ, ರಬ್ಬರ್ ಮಾತ್ರ ಒಣಗಿ ಸಣ್ಣ ಬಿರುಕು ಬಿಟ್ಟಿದೆ. 2019ಕ್ಕೆ ಮುಂಚಿನ ಎಷ್ಟೋ ಗಾಡಿಗಳ ಹಾಗೆ ಇದಕ್ಕೂ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಈ ಮಳೆಯಲ್ಲಿ ಟೈರ್ ವಿಷಯದಲ್ಲಿ ಜಿಪುಣತನ ಮಾಡುವ ಹಾಗಿಲ್ಲ. ಎರಡು ಹೊಸದು ಹಾಕಿಸಿ ಮುಂದಕ್ಕೆ ಹಾಕು, ಎಳೆಯುವ ಚಕ್ರ ಅದೇ ಅಲ್ವಾ ಅಂತ ಅಣ್ಣ. ಹೊಸದು ಹಿಂದಕ್ಕೇ ಇರಬೇಕು, ಒದ್ದೆ ತಿರುವಿನಲ್ಲಿ ಹಿಂಭಾಗ ಜಾರಿದರೆ ಹಿಡಿತಕ್ಕೆ ತರುವುದು ಕಷ್ಟ ಅಂತ ನಾನು. ಊಟದ ಹೊತ್ತಿಗೆ ಶುರುವಾದ ವಾದ ಇನ್ನೂ ನಡೆದಿದೆ. ನಾಳೆ ಟೈರ್ ಅಂಗಡಿಯವರು ಯಾರ ಪರ ಹೇಳುತ್ತಾರೋ ನೋಡಬೇಕು. ಅಣ್ಣನ ಪರ ಹೇಳಿದರೆ ಬೇರೆ ಅಂಗಡಿಗೆ ಹೋಗುತ್ತೇನೆ.