ಮೊಣಕಾಲೆತ್ತರದ ಬೆಂಕಿ

ತಾಳವಾಡಿ
ಫೆಬ್ರವರಿ 18, 2024, ಭಾನುವಾರ

ಇವತ್ತು ಹುಬ್ಬು ಸುಟ್ಟುಕೊಂಡೆ. ಎಡಗಡೆಯದು ಅರ್ಧ ಇಲ್ಲ.

ತಪ್ಪು ನನ್ನದೇ. ಮೆಕ್ಕೆಜೋಳದ ದಂಟು ರಾಶಿ ಹಾಕಿ ಬೆಂಕಿ ಇಟ್ಟಿದ್ದೆ. ಹೊಲದ ಅಂಚಿಗೆ ಲಂಟಾನದ ಪೊದೆ. ಹಸಿರಾಗಿದೆ, ಹತ್ತಲ್ಲ ಅಂತ ಸುಮ್ನೆ ಫೋನ್ ನೋಡುತ್ತಾ ಕೂತಿದ್ದೆ. ಆದರೆ ಹಸಿರು ಇದ್ದಿದ್ದು ಹೊರಗಡೆ ಮಾತ್ರ, ಒಳಗೆಲ್ಲ ಒಣಕಡ್ಡಿ. ಪಟಪಟ ಅಂತ ಒಂದೇ ಸಲಕ್ಕೆ ಆಳೆತ್ತರ ಎದ್ದು, ಮೇಲಿದ್ದ ಹೊಂಗೆ ಕೊಂಬೆ ಹಿಡಿದುಬಿಟ್ಟಿತು. ನಾಲ್ಕು ಜನ ಹಸಿಸೊಪ್ಪಿನಲ್ಲಿ ಬಡಿದು ಆರಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು.

ಆರಿಸಲು ಓಡಿ ಬಂದವರಲ್ಲಿ ಸೋಲಿಗರ (ಇಲ್ಲಿನ ಕಾಡಿನ ಬುಡಕಟ್ಟಿನವರ) ಪೋಡಿನ, ಅಂದರೆ ಹಾಡಿಯ, ಒಬ್ಬ ತಾತನೂ ಇದ್ದ. ನನ್ನ ಮುಖ ನೋಡಿ ಚೆನ್ನಾಗಿ ನಕ್ಕ. ಆಮೇಲೆ, "ಬೆಂಕಿ ಇಡಾಕೂ ಹೊತ್ತು ಗೊತ್ತು ಅದೆ ಕಣಪ್ಪ" ಅಂದ. ಅಲ್ಲಿಂದ ಶುರುವಾದ ಮಾತು ಸಂಜೆಯ ತನಕ ಎಳೆಯಿತು.

ಅವನ ಅಪ್ಪಂದಿರು ಹಾಕುತ್ತಿದ್ದದ್ದು ತರಗು ಬೆಂಕಿ. ಮಾಗಿ ಮುಗಿಯುವ ಹೊತ್ತಿಗೆ, ಉದುರಿದ ತರಗೆಲೆ ಒಣಗಿ, ಹುಲ್ಲಿನ ಬುಡದಲ್ಲಿ ಇನ್ನೂ ಹಸಿ ಇರುವಾಗ. ನೆಲದ ಮೇಲೇ ಸರಿದು ಹೋಗುತ್ತಿತ್ತಂತೆ, ಮೊಣಕಾಲಿಗಿಂತ ಮೇಲೆ ಏಳುತ್ತಿರಲಿಲ್ಲವಂತೆ. ವರ್ಷ ವರ್ಷವೂ ಕಸ ಸುಟ್ಟುಹೋದರೆ ಮಾರ್ಚ್-ಏಪ್ರಿಲ್‌ನಲ್ಲಿ ದೊಡ್ಡ ಬೆಂಕಿಗೆ ಸೌದೆ ಎಲ್ಲಿರುತ್ತೆ?

ಪೊದೆ ಸುಟ್ಟು ಬಯಲಾದ ಕಡೆ ಒಂದು ಹೊನ್ನೆ ಸಸಿ ಕಂಡಿತು. ಮೊಣಕಾಲುದ್ದ, ಬೆರಳು ಗಾತ್ರ, ಮೇಲೆಲ್ಲ ಕರಿ. ಸತ್ತಿತು ಅಂದುಕೊಂಡೆ. ತಾತ ಮಚ್ಚಿನ ತುದಿಯಲ್ಲಿ ಬುಡ ಕೆದಕಿ ತೋರಿಸಿದ. ಕೆಳಗೆ ಬೇರು ಗೆಣಸಿನಷ್ಟು ದಪ್ಪ! ಉಗುರಿನಲ್ಲಿ ಕೆರೆದರೆ ಕೆಂಪಗೆ ಅಂಟು ಒಸರಿತು. ಇಂಥ ಸಸಿಗಳ ಮೇಲ್ಭಾಗ ಬೇಸಿಗೆಗೆ ಸಾಯುತ್ತೆ, ಮಳೆಗೆ ಬುಡದಿಂದ ಮತ್ತೆ ಚಿಗುರುತ್ತವೆ. ಹೀಗೇ ಎಷ್ಟೋ ವರ್ಷ ಬೇರು ಕೊಬ್ಬಿಸಿಕೊಂಡು, ಒಂದು ವರ್ಷ ಬೆಂಕಿ ತಪ್ಪಿದರೆ ಸರ್ರನೆ ಮೇಲಕ್ಕೆ ಏಳುತ್ತವೆ. ನಮ್ಮ ಒಣಕಾಡಿನ ಮತ್ತಿ, ದಿಂಡಿಗ, ತೇಗ, ನೆಲ್ಲಿ ಎಲ್ಲ ಬೆಂಕಿ ಕಂಡು ಬೆಳೆದ ಮರಗಳೇ. ಮತ್ತಿಯ ಮೊಸಳೆ ಚರ್ಮದಂಥ ತೊಗಟೆ ನೋಡಿದರೆ ಗೊತ್ತಾಗುತ್ತೆ, ಅಲ್ವಾ?

ಹಾಗಾದರೆ ಬೆಂಕಿ ನಿಂತದ್ದು ಯಾವಾಗ? ಕಾಗದದ ಮೇಲೆ 1882ರಲ್ಲೇ. ನಮ್ಮ ಕಡೆ ಆಗ ಮದರಾಸು ಸೀಮೆಗೆ ಸೇರಿತ್ತು; ಮದರಾಸು ಅರಣ್ಯ ಕಾಯ್ದೆ ಬಂದು, ರಿಸರ್ವ್ ಕಾಡಿಗೆ ಬೆಂಕಿ ಇಡುವುದು ಅಪರಾಧವಾಯಿತು. ಆದರೂ ಪೋಡುಗಳಲ್ಲಿ ನಡೆಯುತ್ತಲೇ ಇತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ, ಅತ್ತ ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯ ಆದ ಮೇಲೆ, ನಿಜವಾಗಿ ನಿಂತಿತು. ನಮ್ಮ ಸತ್ಯಮಂಗಲ ಹುಲಿ ಮೀಸಲು ಆದದ್ದು 2013ರಲ್ಲಿ.

ಆಮೇಲೆ ತುಂಬಿಕೊಂಡದ್ದು ಲಂಟಾನ. ತಮಿಳಿನವರ ಉಣ್ಣಿಚೆಡಿ. 1800ರ ಆಸುಪಾಸಿನಲ್ಲಿ ಚಂದಕ್ಕೆ ಅಂತ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದ ಹೂಗಿಡ! ಬಿಳಿಗಿರಿರಂಗನ ಬೆಟ್ಟದಲ್ಲಿ ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯವರು 1997ರಲ್ಲಿ ನೋಡಿದ ಜಾಗಗಳನ್ನೇ 2008ರಲ್ಲಿ ಮತ್ತೆ ನೋಡಿದರು. ಮೊದಲು ನೂರರಲ್ಲಿ 41 ಕಡೆ ಇದ್ದ ಲಂಟಾನ 81 ಕಡೆ ಹಬ್ಬಿತ್ತು. ಬೆಂಕಿ ನಿಲ್ಲಿಸಿದ್ದಕ್ಕೇ ಇದು ಬಂತು ಅಂತ ಸೋಲಿಗರು ಹೇಳುತ್ತಾರೆ. ಅದೊಂದೇ ಕಾರಣ ಅಂತ ನಾನು ಹೇಳಲಾರೆ, ಆದರೆ ದಿನಾ ಕಾಡಲ್ಲಿ ಓಡಾಡುವವರ ಮಾತು ತೆಗೆದುಹಾಕಲೂ ಆಗಲ್ಲ.

ನೆಲ್ಲಿ ಮರದ ಮೇಲಿನ ಉಪ್ಪಿಲನ್ನೂ ತಾತ ತೋರಿಸಿದ. ಬೇರೆ ಮರದ ಕೊಂಬೆ ಅಂಟಿಸಿದ ಹಾಗೆ ದಪ್ಪ ಎಲೆಯ ಬದನಿಕೆ, ಮರದ ರಸ ಹೀರಿ ಬದುಕುವ ಗಿಡ. ಆ ಕೊಂಬೆಯಲ್ಲಿ ಒಂದು ಕಾಯಿಯೂ ಇರಲಿಲ್ಲ. ತರಗು ಬೆಂಕಿಯ ಕಾವಿಗೆ ಇದು ಹಿಂದೆ ಒಣಗುತ್ತಿತ್ತು ಅನ್ನುವುದು ಅವನ ಲೆಕ್ಕ.

ಬೆಂಕಿಯ ಬಗ್ಗೆ ಜನ ಆಡುವ ಒಂದು ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ಬೆಟ್ಟದ ಹುಲ್ಲುಗಾವಲೆಲ್ಲ ಮನುಷ್ಯ ಕಡಿದು ಸುಟ್ಟು ಮಾಡಿದ್ದು ಅಂತ ಕೆಲವರು ಹೇಳುತ್ತಾರೆ. ಮೋಯಾರ್ ಕಣಿವೆಯ ಆಚೆ, ಊಟಿ ಹತ್ತಿರದ ಸ್ಯಾಂಡಿನಲ್ಲಾದಲ್ಲಿ ಜೌಗಿನ ಮಣ್ಣು ಪರೀಕ್ಷೆ ಮಾಡಿದ್ದಾರೆ. ಸುಮಾರು 20 ಸಾವಿರ ವರ್ಷದ ಹಿಂದೆಯೇ ಅಲ್ಲಿ ಹುಲ್ಲಿತ್ತು. ಚಳಿ ಮತ್ತು ಬರದ ಕಾಲದ ಹುಲ್ಲು, ಮನುಷ್ಯ ಕಡಿದು ಮಾಡಿದ್ದಲ್ಲ.

"ಹಾಗಾದ್ರೆ ಮತ್ತೆ ತರಗು ಬೆಂಕಿ ಹಾಕೋಣ್ವಾ ತಾತ?" ಅಂದೆ. ಅವನು ಬೇಡ ಅಂದ. ಈಗ ಹಾಕಿದರೆ ಅದು ತರಗು ಬೆಂಕಿ ಆಗಲ್ಲ, ಲಂಟಾನ ಹತ್ತಿಕೊಂಡು ಮರದ ನೆತ್ತಿಗೆ ಏರುತ್ತೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದದ್ದು ನೆನಪಾಯಿತು. ನನ್ನ ಹುಬ್ಬೂ ನೆನಪಾಯಿತು.

ಸುಟ್ಟ ಲಂಟಾನದ ಬುಡಗಳು ಹೊಲದ ಅಂಚಿನಲ್ಲಿ ಹಾಗೇ ಇವೆ. ಮೊದಲ ಮಳೆಗೆ ಇವೇ ಎಲ್ಲಕ್ಕಿಂತ ಮುಂಚೆ ಚಿಗುರುತ್ತವಂತೆ. ನಾಳೆ ಗುದ್ದಲಿ, ಪಿಕಾಸಿ ತಗೊಂಡು ತಾತನೂ ಬರುತ್ತಾನೆ. ಹೊನ್ನೆ ಸಸಿಯ ಸುತ್ತ ಮೂರು ಕಲ್ಲು ಇಟ್ಟು ಬಂದಿದ್ದೇನೆ, ಅಗೆಯುವಾಗ ಗೊತ್ತಾಗಲಿ ಅಂತ.