ಸೆಲೆನಿಯಂ ಗ್ಲಾಸ್‌ಗೆ ಕಲಬುರಗಿ ಬಿಸಿಲು ಆಗಿಬರಲ್ಲ

ಸೆಲೆನಿಯಂ ಅನ್ನೋ ಮೂಲವಸ್ತುನ ಕರಗಿಸಿ ಸರ್ರನೆ ತಣ್ಣಗೆ ಮಾಡಿದ್ರೆ ಮಿರಮಿರ ಹೊಳೆಯೋ ಕಪ್ಪು ಗ್ಲಾಸ್ ಸಿಗತ್ತೆ, ಸೆಮಿಕಂಡಕ್ಟರ್ ಕೂಡ ಹೌದು. ಆದ್ರೆ ಇದರ ಗ್ಲಾಸ್ ಟ್ರಾನ್ಸಿಷನ್, ಅಂದ್ರೆ ಗಟ್ಟಿ ಗ್ಲಾಸ್ ಮೆತ್ತಗಾಗೋಕೆ ಶುರುವಾಗೋ ಬಿಸಿ, ಇರೋದು 40 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಮೇ ತಿಂಗಳಲ್ಲಿ ಕಲಬುರಗೀಲಿ ಮಾಳಿಗೆ ಮೇಲಿಟ್ರೆ ಮೆತ್ತಗಾಗೋಕೆ ಶುರು ಅಷ್ಟೇ.

ಯಾಕಂದ್ರೆ ಇಲ್ಲಿ ಪ್ರತಿ ಪರಮಾಣು ಅಕ್ಕಪಕ್ಕದ ಎರಡರ ಜೊತೆ ಮಾತ್ರ ಬಾಂಡ್ ಮಾಡ್ಕೊಂಡಿರತ್ತೆ, ಹಂಗಾಗಿ ಉದ್ದುದ್ದ ಸರಪಳಿ, ಒಳಗಿನ ಬಾಂಡ್ ಗಟ್ಟಿ ಆದ್ರೂ ಸರಪಳಿ ಸರಪಳಿ ಮಧ್ಯೆ ಹಿಡಿತ ಅಷ್ಟಕ್ಕಷ್ಟೇ, ತಟ್ಟೇಲಿ ಬಿದ್ದಿರೋ ಶಾವಿಗೆ ಥರ. ಬೆಳಕು ಬಿಟ್ಟು ಪರಮಾಣುಗಳ ಕಂಪನ ಅಳೆಯೋ ರಾಮನ್ ಸ್ಪೆಕ್ಟ್ರಮ್ ತೆಗೆದ್ರೆ ವೇವ್‌ನಂಬರ್ (ಕಂಪನದ ವೇಗ ಹೇಳೋ ಅಳತೆ) 250ರ ಹತ್ರ ಚೂಪಾಗಿ ಏಳತ್ತಲ್ಲ, ಅದು ಆ ಗಟ್ಟಿ ಬಾಂಡ್‌ಗಳ ಕಂಪನ. ಗ್ರಾಫಿನ ತೀರಾ ಎಡಗಡೆ, ನಿಧಾನ ಕಂಪನಗಳ ಕಡೆ, ಒಂದು ದಪ್ಪ ದಿಬ್ಬ ಕಾಣತ್ತೆ, ಬೋಸಾನ್ ಪೀಕ್ ಅಂತಾರೆ. ಅದು ಯಾಕೆ ಬರತ್ತೆ ಅಂತ ಫಿಸಿಕ್ಸ್‌ನೋರು ಇನ್ನೂ ಕಿತ್ತಾಡ್ತಾನೇ ಇದಾರೆ.

ಈಗ ಇದಕ್ಕೆ ಜರ್ಮೇನಿಯಂ ಹಾಕಿ. ಅದಕ್ಕೆ ನಾಲ್ಕು ಬಾಂಡು, ಸರಪಳಿಗಳನ್ನ ಅಡ್ಡಡ್ಡ ಹೊಲಿದುಬಿಡತ್ತೆ. ಎರಡನ್ನೂ ಕ್ವಾರ್ಟ್ಜ್ ಆಂಪ್ಯೂಲಲ್ಲಿ (ಬಿಸಿ ತಡೆಯೋ ಕೊಳವೆ) ಹಾಕಿ ವ್ಯಾಕ್ಯೂಮ್ ಮಾಡಿ ಸೀಲ್ ಹಾಕಿ, ಫರ್ನೇಸಲ್ಲಿ ಚೆನ್ನಾಗಿ ತಿರುಗಿಸಿ ತಿರುಗಿಸಿ ಕಾಯಿಸಿ, ಐಸ್ ನೀರಿಗೆ ಬಿಡಬೇಕು, ನೀರಲ್ಲಿ ಸೊಂಯ್ ಅನ್ನೋವಾಗ ಎಲ್ಲಿ ಸೀಳತ್ತೋ ಅಂತ ಎದೆ ಡವಡವ. ಪರಮಾಣು ಲೆಕ್ಕದಲ್ಲಿ ಜರ್ಮೇನಿಯಂ 20 ಪರ್ಸೆಂಟ್ ಮುಟ್ಟಿದ್ರೆ ಡಿಎಸ್‌ಸಿಲಿ (ಕಾಯಿಸ್ತಾ ಶಾಖ ಅಳೆಯೋ ಮಷೀನು) ಟ್ರಾನ್ಸಿಷನ್ 150 ಡಿಗ್ರಿ ದಾಟಿರತ್ತೆ!

ಈ 20 ಸುಮ್ನೆ ಬಂದಿದ್ದಲ್ಲ. ಒಂದು ಪರಮಾಣುಗೆ ಅಲ್ಲಾಡೋಕೆ ಮೂರು ದಿಕ್ಕು. ಬಾಂಡಿನ ಉದ್ದ, ಬಾಂಡ್‌ಗಳ ಮಧ್ಯದ ಕೋನ ಎರಡೂ ಸೇರಿ ಹಾಕೋ ಕಟ್ಟುಗಳು ಸರಿಯಾಗಿ ಮೂರಾಗೋದು ಸರಾಸರಿ ಬಾಂಡ್ ಸಂಖ್ಯೆ 2.4 ಆದಾಗ, ಜರ್ಮೇನಿಯಂ 20 ಅಂದ್ರೆ ಅದೇ ಲೆಕ್ಕ. 1979ರಲ್ಲಿ ಫಿಲಿಪ್ಸ್ ಅನ್ನೋ ಫಿಸಿಕ್ಸ್ ವಿಜ್ಞಾನಿ ಶುರು ಮಾಡಿದ ಲೆಕ್ಕ ಇದು, ಪೇಪರ್ ಪೆನ್ ಸಾಕು, ನಂಗಂತೂ ಇದರಷ್ಟು ಚಂದದ ಲೆಕ್ಕ ಈ ಫೀಲ್ಡಲ್ಲಿ ಇನ್ನೊಂದಿಲ್ಲ ಅನ್ಸತ್ತೆ. 2.4ಕ್ಕಿಂತ ಕಮ್ಮಿ ಇದ್ರೆ ಹೆಚ್ಚು ಎನರ್ಜಿ ಖರ್ಚಿಲ್ದೆ ತೂಗಾಡೋ ಕಂಪನಗಳು ಉಳ್ಕೊಳತ್ತೆ, ಜಾಸ್ತಿ ಆದ್ರೆ ಬಿಗಿ. ನಮ್ಮ ಐಐಎಸ್‌ಸಿಯ ಅಶೋಕನ್, ಇ.ಎಸ್.ಆರ್. ಗೋಪಾಲ್ ಮತ್ತವರ ಜೊತೆಯೋರು 1989ರಲ್ಲಿ ಇಂಥ ಗ್ಲಾಸ್‌ಗಳಲ್ಲಿ ಈ ಥರ ಗುಣ ಬದಲಾಗೋ ಗಡಿಗಳ ಬಗ್ಗೆ ಪೇಪರ್ ಬರೆದಿದ್ರು.

ಹಂಗಂತ ಬರೀ ಸೆಲೆನಿಯಂ ದಂಡ ಅಲ್ಲ. ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ತೆಗೆಯೋ ಕೆಲವು ಡಿಟೆಕ್ಟರ್‌ಗಳಲ್ಲಿ ಇದೇ ಗ್ಲಾಸ್ ಪದರ ಇರತ್ತೆ, ಕ್ರಿಸ್ಟಲ್ ಆಗದೇ ಇರ್ಲಿ ಅಂತ ಅರ್ಧ ಪರ್ಸೆಂಟಿನಷ್ಟು ಆರ್ಸೆನಿಕ್ ಬೆರೆಸ್ತಾರೆ. ಆದ್ರೂ ಆ ರೂಮಿನ ಎಸಿ ಆಫ್ ಮಾಡೋಕೆ ಹೋಗ್ಬೇಡಿ ಮತ್ತೆ.